ಪಟ್ಟಿಯ ಕೆಳಗಿನ ಗಾಯ

ಪಿ.ಜೆ. ಬಡಾವಣೆ, ದಾವಣಗೆರೆ
14–9–1963

ಚಿರಂಜೀವಿ ಉಡಚಮ್ಮನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಕೂಸು ಮೈ ತುಂಬಿಕೊಂಡಿದೆಯೆಂದು ಅಳಿಯಂದಿರು ಬರೆದಿದ್ದರು. ಒಂದೂವರೆ ತಿಂಗಳು ಉತ್ತರ ಬರೆಯದೆ ಕೂತದ್ದಕ್ಕೆ ಸಿಟ್ಟಾಗಬೇಡ. ಹಸಿ ಬಾಣಂತಿಗೆ ಇಂಥ ಸುದ್ದಿ ತಿಳಿಸಕೂಡದೆಂದು ನಿಮ್ಮಪ್ಪನೇ ಕಟ್ಟಪ್ಪಣೆ ಮಾಡಿದ್ದರು. ಮೊದಲೇ ಹೇಳಿಬಿಡುತ್ತೇನೆ, ಅವರಿಗೆ ಬಂದಿದ್ದ ಗಂಡಾಂತರ ಕಳೆದಿದೆ. ಇವತ್ತು ಒಂದು ಇಡ್ಲಿ ತಿಂದು, ಚಟ್ನಿಗೆ ಖಾರ ಸಾಲದೆಂದು ನನ್ನ ಮೇಲೆ ಹಾರಾಡಿದರು. ಆ ಹಾರಾಟ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಅವರ ಹೊಟ್ಟೆನೋವು ಬರೀ ಉರಿಯಲ್ಲ, ಕ್ಯಾನ್ಸರ್ ಎಂದು ಗೊತ್ತಾಯಿತು. ಕಳೆದ ತಿಂಗಳು ಇಲ್ಲಿಯ ಡಾಕ್ಟರು ಆಪರೇಷನ್ ಮಾಡಿ, ಗಂಟಿನ ಜೊತೆ ಜಠರದ ಮುಕ್ಕಾಲು ಭಾಗ ತೆಗೆದರು. ನಾಲ್ಕು ತಾಸು ನಾನು ಹೊರಗೆ ಕೂತಿದ್ದೆ. ಪಕ್ಕದಲ್ಲಿ ಹರಿಹರದ ಗುಲ್ಷನ್ ಎಂಬಾಕೆ. ಆಕೆಯ ಗಂಡ ಹಯಾತ್ ಸಾಬರಿಗೂ ಅದೇ ರೋಗ, ಹಿಂದಿನ ದಿನ ಅದೇ ಆಪರೇಷನ್.

ಹಯಾತ್ ಸಾಬರು ಹತ್ತನೇ ದಿನ ಹೊಲಿಗೆ ಬಿಚ್ಚಿಸಿಕೊಂಡು ಜಟಕಾ ಹತ್ತಿದರು. ನಿಮ್ಮಪ್ಪನಿಗೆ ಆರನೇ ದಿನ ಚಳಿಜ್ವರ. ಪಟ್ಟಿ ಬಿಚ್ಚಿದರೆ ಗಾಯದಲ್ಲಿ ಕೀವು. ನಾನು ಡಾಕ್ಟರನ್ನು ತಡೆದು ಕೇಳಿದೆ, "ಅವ್ರಿಗೆ ಆಗದ್ದು ಇವ್ರಿಗ್ಯಾಕ ಆತ್ರಿ?"

"ವಯಸ್ಸು ಅರವತ್ತೈದು ದಾಟೇತಿ, ಮೈಯಾಗ ರಕ್ತ ಕಡಿಮೆ ಐತೆ, ಬೀಡಿ ನಲವತ್ತು ವರ್ಷದ್ದು. ಅದರ ಮ್ಯಾಲೆ ನೀವು ಎರಡು ತಿಂಗಳು ಬರೀ ಗಂಜಿ ಕುಡಿಸಿ ಕರ್ಕಂಡು ಬಂದೀರಿ. ಸೊರಗಿದ ಮೈಗೆ ನಂಜು ತಡೆಯೋ ಶಕ್ತಿ ಎಲ್ಲಿಂದ ಬರ್ಬೇಕು ತಾಯಿ?" ಎಂದರು.

ಪಥ್ಯ ಮಾಡಿಸಿದ್ದು ನಾನೇ. ಹೊಟ್ಟೆಗೆ ಭಾರವಾಗುತ್ತದೆಂದು ಹಾಲು, ತುಪ್ಪ, ಬೇಳೆ ಎಲ್ಲ ಬಿಡಿಸಿದ್ದೆ. ಗುಲ್ಷನ್ ಗಂಡನಿಗೆ ದಿನಕ್ಕೆರಡು ಮೊಟ್ಟೆ ತಿನ್ನಿಸಿ ಕರೆತಂದಿದ್ದಳಂತೆ. ಆದರೂ ನಾನು ತಪ್ಪನ್ನೆಲ್ಲ ಬೀಡಿಯ ತಲೆಗೆ ಕಟ್ಟಿ, ವಾರ್ಡಿನವರೆಲ್ಲ ಕೇಳುವಂತೆ ನಿಮ್ಮಪ್ಪನನ್ನು ಬೈದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಆಮೇಲೆ ಪೆನಿಸಿಲಿನ್ ಸೂಜಿ, ದಿನಕ್ಕೆರಡು ಸಲ ಗಾಯ ತೊಳೆಯುವುದು. ಮೂರು ವಾರ ನಾನು ಯಾವ ದೇವರನ್ನು ಕರೆದೆ, ಯಾವುದನ್ನು ಬಿಟ್ಟೆ ನೆನಪಿಲ್ಲ. ಮೊನ್ನೆ ಆಸ್ಪತ್ರೆಯಿಂದ ಬಿಟ್ಟರು. ಈಗ ನಿನ್ನ ಸೋದರಮಾವ ಲಿಂಗಣ್ಣನ ಮನೆಯಲ್ಲಿದ್ದೇವೆ, ನಾಳೆ ಊರಿಗೆ ಹೋಗಲು ನಂದಿಗುಡಿಯ ಬಸ್ಸು ಹತ್ತುತ್ತೇವೆ. ನಿನ್ನೆ ಗುಲ್ಷನ್ ಹರಿಹರದಿಂದ ಬಂದು, "ಮೊಟ್ಟೆ ನೀವು ಮುಟ್ಟಂಗಿಲ್ಲ, ಖರ್ಜೂರನಾದ್ರೂ ತಿನ್ನಿಸ್ರಿ ಅಕ್ಕಾ" ಎಂದು ಪೊಟ್ಟಣ ಕೊಟ್ಟು ಹೋದಳು.

ನಿನಗೂ ಕೂಸಿಗೂ ದೇವರು ಗಟ್ಟಿ ಮೈ ಕೊಡಲಿ. ಬಾಣಂತಿ ಪಥ್ಯವೆಂದು ಯಾರು ಏನೇ ಹೇಳಲಿ, ಹಾಲು ತುಪ್ಪ ಬಿಡಬೇಡ.

ಇತಿ ನಿನ್ನ ಅವ್ವ,
ಸರ್ವಮಂಗಳಮ್ಮ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಆಪರೇಷನ್ ಆದ ನಾಲ್ಕನೇ ದಿನ, ಅವರು ಕಣ್ಣು ಮುಚ್ಚಿ ಮಲಗಿದ್ದಾಗ, ನಾನು ಪಟ್ಟಿ ಸರಿಸಿ ಗಾಯದ ಮೇಲೆ ಮಠದ ವಿಭೂತಿ ಉದುರಿಸಿದ್ದೆ. ಬೇಗ ಮಾಯಲೆಂದು. ಜ್ವರ ಬಂದ ದಿನ ಡಾಕ್ಟರು, "ಈ ಪಟ್ಟಿ ಯಾರು ಮುಟ್ಟಿದ್ದು?" ಎಂದು ಗದರಿದರು. ನಾನು ವಿಭೂತಿಯನ್ನು ಸೆರಗಿನ ಮರೆಗೆ ಸರಿಸಿದೆ. ನಿಮ್ಮಪ್ಪನೇ, "ತುರಿಸ್ತಿತ್ತು ಸ್ವಾಮಿ, ನಾನೇ ಕೆರ್ಕಂಡೆ" ಎಂದು ಬೈಸಿಕೊಂಡರು. ನಿಜವಾಗಿಯೂ ಕೆರೆದುಕೊಂಡಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇವತ್ತು ಮೈ ಒರೆಸಿ ವಿಭೂತಿ ತಂದರೆ, ಹಣೆ ಮುಂದೆ ಮಾಡಿ ಮೆಲ್ಲಗೆ, "ಹಚ್ಚು. ಇಲ್ಲಿ ಹಚ್ಚಿದ್ರೆ ಯಾವ ಡಾಕ್ಟ್ರೂ ಬೈಯಂಗಿಲ್ಲ" ಅಂದರು.

ಅವತ್ತು ಅವರಿಗೆ ನಿದ್ದೆ ಬಂದಿರಲಿಲ್ಲ, ಉಡಚಮ್ಮ. ನಾನು ಬೀಡಿಯನ್ನು ಅಷ್ಟೆಲ್ಲ ಬೈಯುವಾಗಲೂ ಅವರಿಗೆ ಎಲ್ಲ ಗೊತ್ತಿತ್ತು.