ಒದ್ದೆ ಟವೆಲ್ಲಿನ ಕೆಳಗಿನ ಹೀರೆ ಹೂವು

ಕ್ರಿ.ಶ. ೨೨೮೬, ಎರಡನೆಯ ಶ್ರಾವಣದ ಮೂವತ್ತನಾಲ್ಕನೆಯ ದಿನ
ರಾಣೆಬೆನ್ನೂರು

ಗುರುಬಸವ್ವಜ್ಜಿಗೆ, ನಿಮ್ಮಿಂದ ಒಂಬತ್ತನೆಯ ತಲೆಮಾರಿನವಳಾದ ನೀಲಗಂಗಾ ಮಾಡುವ ನಮಸ್ಕಾರಗಳು.

ತಿಂಗಳಿಗೆ ಮೂವತ್ತನಾಲ್ಕು ದಿನ ಹೇಗೆ ಎಂದು ಕೇಳಬೇಡಿ. ಮಳೆ ಮುಗಿಯುವವರೆಗೆ ಶ್ರಾವಣ ಮುಗಿಯಬಾರದೆಂದು ನಮ್ಮವರು ತೀರ್ಮಾನಿಸಿ ಬಹಳ ಕಾಲವಾಯಿತು. ನಿಮಗೆ ಗೊತ್ತಿಲ್ಲದ ಮಾತುಗಳು ಬಂದರೆ ಮನ್ನಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಹೊಟ್ಟೆಕಿಚ್ಚು ಎಂಬ ಮಾತನ್ನು ಬಿಡಿಸಬೇಕಿಲ್ಲ, ಅದು ನಿಮ್ಮ ಕಾಲದಿಂದ ಹಾಗೆಯೇ ಬಂದಿದೆ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು.

ನಿಮ್ಮದೊಂದು ಫೋಟೋ ನಮ್ಮ ಮನೆಯಲ್ಲಿ ಉಳಿದಿದೆ. ತಾರಸಿಯ ಮೇಲೆ ಹಳೆಯ ಪೇಂಟಿನ ಡಬ್ಬಿಗಳ ನಡುವೆ ಸೆರಗು ಸಿಕ್ಕಿಸಿ ನಿಂತಿದ್ದೀರಿ. ಬಟ್ಟೆ ಒಣಹಾಕುವ ತಂತಿಯ ತುಂಬ ಹೀರೆಬಳ್ಳಿ. ಫೋಟೋದ ಬೆನ್ನಿಗೆ ನಿಮ್ಮದೇ ಅಕ್ಷರ: "ಬೀಜ ಹಾಕಿ ಮರತಬಿಟ್ಟಿದ್ದೆ. ಕಾಯಿ ಹಂಚಿ ಹಂಚಿ ಸಾಕಾತು." ಈ ಸಾಲು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮರೆತುಬಿಟ್ಟಿದ್ದಿರಂತೆ.

ನಾವು ಮರೆಯುವಂತಿಲ್ಲ. ಊರಿನ ಬೀಜಗಳನ್ನೆಲ್ಲ ಇಟ್ಟಿರುವ ತಣ್ಣನೆಯ ಕೋಣೆಗೆ ಬೀಜಗೂಡು ಎನ್ನುತ್ತೇವೆ. ಹೊಸದಾಗಿ ಕೈತೋಟ ಮಾಡುವ ಮನೆಗೆ ಅಲ್ಲಿಂದ ಒಂದೇ ತರಕಾರಿಯ ಎರಡು ಬೀಜ ಸಿಗುತ್ತವೆ. ಒಂದು ದಿನ ನೆನೆಹಾಕಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿ, ಮಣ್ಣು ಅಂಗೈಗೆ ತಣ್ಣಗೆ ತಾಗುವಷ್ಟು ಮಾತ್ರ ನೀರು ಚಿಮುಕಿಸುತ್ತೇವೆ. ಬಿಸಿಲಿಗೂ ಸರದಿ ಇದೆ. ಓಣಿಗೆಲ್ಲ ಒಂದೇ ತಾರಸಿಯಾದ್ದರಿಂದ ಕುಂಡಗಳನ್ನು ದಿನಕ್ಕೊಂದು ಸಾಲು ಮುಂದೆ ಸರಿಸುತ್ತೇವೆ, ಇದು ಬಿಸಿಲುಪಾಳಿ. ದುಂಬಿ, ಜೇನು ನಮ್ಮಲ್ಲಿಲ್ಲ. ಸಂಜೆ ಹೀರೆಯ ಹೆಣ್ಣುಹೂವು ಅರಳಿದಾಗ ಗಂಡುಹೂವನ್ನು ನಾವೇ ತಂದು ಮುಟ್ಟಿಸಬೇಕು. ಅದಕ್ಕೆ ಹೂಮದುವೆ ಎಂದು ಹೆಸರು. ಮದುವೆ ಎಂದ ಮೇಲೆ ಗಂಡು ಬೇರೆ ಮನೆಯಿಂದಲೇ ಬರಬೇಕು, ಸ್ವಂತ ಬಳ್ಳಿಯದಾದರೆ ತಳಿ ಸೊರಗುತ್ತದೆ ಎನ್ನುತ್ತಾರೆ ಹಿರಿಯರು. ಹೂವು ಕೇಳಿ ಬಂದವರಿಗೆ ಇಲ್ಲ ಎನ್ನಬಾರದು.

ಈ ವರ್ಷ ಹೀರೆ ಸಿಕ್ಕಿದ್ದು ಎರಡೇ ಮನೆಗೆ: ನನಗೆ, ಮತ್ತು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಚಂಪವ್ವನಿಗೆ. ಬೀಜಗೂಡಿನಲ್ಲಿ ಉಳಿದಿದ್ದುದೂ ಆ ನಾಲ್ಕೇ ಬೀಜ. ಒಂದು ಕಾಯಿಯಾದರೂ ಬಳ್ಳಿಯಲ್ಲೇ ಒಣಗಿ ಬೀಜ ಕೊಡದಿದ್ದರೆ ನಮ್ಮೂರಿಗೆ ಇನ್ನು ಹೀರೆಕಾಯಿ ಇಲ್ಲ. ಅವಳದೊಂದು ಬೀಜ ನಾಲ್ಕನೆಯ ದಿನಕ್ಕೇ ಮೊಳೆಯಿತು, ಇನ್ನೊಂದು ಕೊಳೆಯಿತು. ನಮ್ಮತ್ತೆ ಅವಳ ಕುಂಡ ನೋಡಿ, ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದರು. ನನ್ನ ಕುಂಡ ದಾಟಿ ಮುಂದೆ ಹೋದರು. ಅದನ್ನು ತಾಳಲಾರದೆ ನಾನು ಮಣ್ಣು ಕೆದಕಿ ನೋಡಿದೆ. ಒಂದು ಬೀಜದ ಎಳೆಯ ಬೇರು ನನ್ನ ಉಗುರಿಗೇ ಮುರಿಯಿತು. ಇನ್ನೊಂದು ನನ್ನ ಕೈಗೆ ಸಿಗಲಿಲ್ಲ, ಬದುಕಿಕೊಂಡಿತು.

ಅವಳ ಬಳ್ಳಿಯಲ್ಲಿ ಮೊದಲ ಹೆಣ್ಣುಹೂವು ಅರಳಿದ ಸಂಜೆ, ಕುಂಕುಮದ ಬಟ್ಟಲು ಹಿಡಿದು ಗಂಡುಹೂವು ಕೇಳಲು ಬಂದಳು. ನನ್ನ ಬಳ್ಳಿಯಲ್ಲಿ ನಾಲ್ಕು ಅರಳಿದ್ದವು. ಅವಳ ಹೆಜ್ಜೆ ಸಪ್ಪಳ ಕೇಳಿದೊಡನೆ ಅವುಗಳ ಮೇಲೆ ಒದ್ದೆ ಟವೆಲ್ ಹರವಿಬಿಟ್ಟೆ. "ಇವತ್ತ ನಮ್ಮದೊಂದೂ ಅರಳಿಲ್ಲ ತಂಗಿ," ಎಂದೆ. ಅವಳು ಟವೆಲ್ ಕಡೆ ಒಮ್ಮೆ ನೋಡಿ ಹೊರಟುಹೋದಳು. ಅವಳ ಮಿಡಿಕಾಯಿ ಮೂರು ದಿನದಲ್ಲಿ ಹಳದಿಯಾಗಿ ಉದುರಿತು. ಆಮೇಲೆ ಆ ಬಳ್ಳಿಗೆ ಹೆಣ್ಣುಹೂವು ಬರಲೇ ಇಲ್ಲ.

ಹದಿನೈದು ದಿನಕ್ಕೆ ನನ್ನದರಲ್ಲಿ ಒಂದು ಬಂತು. ಕೇಳಲು ಹೋಗುವ ಮುಖ ನನಗಿರಲಿಲ್ಲ. ಅವಳೇ ಎಲೆಯಲ್ಲಿ ಗಂಡುಹೂವು ಸುತ್ತಿಕೊಂಡು ಬಂದಳು. "ಲಗೂನ ಮುಟ್ಟಸ್ ಅಕ್ಕಾ, ಬಾಡತೈತಿ," ಎಂದಳು. ಮುಟ್ಟಿಸಿದೆ. ಕಾಯಿ ನಿಂತಿತು. ಈಗ ಅದು ಒಣಗಿದೆ, ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುತ್ತದೆ.

ಅಜ್ಜಿ, ನನ್ನ ಹೊಟ್ಟೆಕಿಚ್ಚು ನಿಮ್ಮ ತಂತಿಯ ತುಂಬ ತೂಗುವ ಕಾಯಿಗಳಿಗಲ್ಲ. ನೀವೂ ನೆರೆಮನೆಯವಳ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿರಬಹುದು. ಆದರೂ ಯಾವುದೋ ದುಂಬಿ ನಿಮ್ಮ ಜಗಳಕ್ಕೆ ಕಿವಿಗೊಡದೆ ಅವಳ ಹೂವಿನಿಂದ ನಿಮ್ಮ ಹೂವಿಗೆ ಹಾರಿಬರುತ್ತಿತ್ತು. ನೀವು ಎಷ್ಟು ಸಣ್ಣವರಾದರೂ ಕಾಯಿ ಕಟ್ಟುತ್ತಿತ್ತು. ಇಲ್ಲಿ ನನ್ನೊಬ್ಬಳ ಸಣ್ಣತನಕ್ಕೆ ಒಂದು ತರಕಾರಿಯೇ ಊರು ಬಿಡುವುದರಲ್ಲಿತ್ತು. ನಿಮಗಿದ್ದ ಆ ಸವಲತ್ತು ನಿಮಗೆ ಗೊತ್ತೂ ಇರಲಿಲ್ಲ.

ನಾಳೆ ಬೆಳಿಗ್ಗೆ ಕಾಯಿಯ ತುದಿ ಮುರಿದು ಬೀಜ ಸುರಿಯುತ್ತೇನೆ. ಅರ್ಧ ಬೀಜಗೂಡಿಗೆ, ಅರ್ಧ ಚಂಪವ್ವನ ಉಡಿಗೆ. ಉಡಿ ತುಂಬುವ ಮೊದಲು, ಅವತ್ತು ನಾಲ್ಕು ಹೂವು ಅರಳಿದ್ದವು ಎಂದು ಹೇಳಬೇಕು. ಬೈದರೆ ಬೈಸಿಕೊಳ್ಳುತ್ತೇನೆ, ಅದಕ್ಕೆ ಹೆದರಿಕೆಯಿಲ್ಲ. ಆದರೆ ಅವಳು ಬೈಯುವವಳಲ್ಲ. ಅವತ್ತೇ ಗೊತ್ತಿತ್ತು ಅಕ್ಕಾ ಎಂದು ನಕ್ಕುಬಿಡುತ್ತಾಳೆ. ಅದನ್ನು ನೆನೆದರೆ ಈಗಲೇ ಹೊಟ್ಟೆ ಉರಿಯುತ್ತಿದೆ.

ನಿಮ್ಮ ಕುಡಿಯ ಕುಡಿ,
ನೀಲಗಂಗಾ