ಬಿಸಿಲಿನಲ್ಲಿ ಬಾಡಿಸಿದ ಗೋಲಿಹಣ್ಣು

ಸೆರಗು ಹೊದ್ದ ತೊಂಬತ್ತೊಂದನೆಯ ವರ್ಷ,
ಬಿರುಬಿಸಿಲ ತಿಂಗಳ ಮೂವತ್ತೆಂಟನೆಯ ದಿನ,
ಕೋಲಾರದ ಬಂಡೆಸಾಲಿನ ಊರಿನಿಂದ

ನಮಗಿಂತ ಮುಂಚೆ ಈ ನೆಲದಲ್ಲಿ ಉಂಡು ಬಾಳಿದವರಿಗೆ ಅಶ್ವತ್ಥಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಬೇಸಿಗೆಯ ತಿಂಗಳು ಮುಗಿಯುವುದು ಮೊದಲ ಮೋಡ ಕಂಡ ದಿನ. ಅಲ್ಲಿಯವರೆಗೆ ಎಣಿಕೆ ನಡೆಯುತ್ತಲೇ ಇರುತ್ತದೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೂ ಕ್ಷಮೆಯಿರಲಿ. ನೀವು ಕೇಳಿರದ ಪದಗಳು ಇದರಲ್ಲಿ ಬರುತ್ತವೆ. ನೀವು ದಿನಾ ಆಡುತ್ತಿದ್ದ ಎಷ್ಟೋ ಪದಗಳು ನಮ್ಮ ಬಾಯಿಂದ ಜಾರಿಹೋಗಿವೆ. ಒಗ್ಗರಣೆ ಎಂಬ ಮಾತು ನನಗೆ ಗೊತ್ತಿತ್ತು, ಅದರ ಸದ್ದು ಗೊತ್ತಿರಲಿಲ್ಲ. ಈ ಕಾಗದ ನಿಮ್ಮ ಕೈಗೆ ಬರುವ ದಾರಿ ಯಾವುದೋ ನಾನರಿಯೆ. ಆದರೆ ನಮ್ಮ ಮನೆಯಲ್ಲಿ ನಡೆದ ಈ ಸಂಗತಿ ನಿಮಗೇ ಹೇಳಬೇಕಾದದ್ದು ಅನಿಸಿತು.

ಮೊದಲು ನಮ್ಮ ಊರಿನ ವಿಷಯ. ಊರಿಗೆ ಊರನ್ನೇ ಮುಚ್ಚಿ ಒಂದು ತೆಳುವಾದ ಬಟ್ಟೆ ಕಟ್ಟಿದೆ. ಅದಕ್ಕೆ ನಾವು ಸೆರಗು ಅನ್ನುತ್ತೇವೆ. ಅದಿಲ್ಲದಿದ್ದರೆ ಹಗಲಿನಲ್ಲಿ ನಮಗೆ ಬದುಕಿಲ್ಲ. ಸೆರಗು ಬಿಸಿಲನ್ನು ತಡೆಯುತ್ತದೆ, ಆದರೆ ಕಿಡಿಯನ್ನು ತಡೆಯಲಾರದು. ಆದ್ದರಿಂದ ಅದರ ಕೆಳಗೆ ಯಾರೂ ಒಲೆ ಹಚ್ಚುವಂತಿಲ್ಲ. ಊರಿಗೆಲ್ಲ ಒಂದೇ ಅಡುಗೆಮನೆ, ಹೆಸರು ಹಬೆಮನೆ. ಅಲ್ಲಿ ರಾಗಿಹಿಟ್ಟು, ಬೇಳೆಪುಡಿ, ಒಣಸೊಪ್ಪು, ಚೂರು ಹುಣಸೆ ಎಲ್ಲವನ್ನೂ ಊರಾಚೆಯಿಂದ ಕೊಳವೆಯಲ್ಲಿ ಬರುವ ಹಬೆಯಲ್ಲಿ ಬೇಯಿಸಿ ಸರಿಗೂಳು ಮಾಡುತ್ತೇವೆ. ಎಲ್ಲರಿಗೂ ಸರಿಸಮ ಬಡಿಸುವ ಕೂಳಾದ್ದರಿಂದ ಆ ಹೆಸರು. ನಾನು ಅಲ್ಲಿಯೇ ಬೇಯಿಸುವವಳು. ಸರಿಗೂಳನ್ನು ಹಳಿಯಲಾರೆ, ಬರಗಾಲದಲ್ಲಿ ನಮ್ಮ ಅಜ್ಜಂದಿರನ್ನು ಉಳಿಸಿದ್ದು ಅದೇ. ಕೆಲವು ದಿನ ಅದಕ್ಕೆ ಹೊರಗಿನಿಂದ ಬರುವ ಒಂದು ಕೆಂಪು ಪುಡಿ ಬೆರೆಸುತ್ತೇವೆ. ಅದು ಟೊಮೆಟೊ ಎಂದು ಚೀಲದ ಮೇಲೆ ಬರೆದಿರುತ್ತದೆ. ನಮ್ಮ ಮಕ್ಕಳು ಟೊಮೆಟೊ ಎಂದರೆ ಒಂದು ಬಣ್ಣ ಅಂದುಕೊಂಡೇ ಬೆಳೆದವರು.

ನನಗೊಬ್ಬಳು ತಂಗಿ, ಪಿಳ್ಳಮ್ಮ. ಅವಳಿಗೆ ಸುಗುಣ ಎಂಬ ಒಬ್ಬಳೇ ಮಗಳಿದ್ದಳು. ಸುಗುಣ ಚಿಕ್ಕವಳಿದ್ದಾಗ ಪಕ್ಕದ ಕೇರಿಯ ಮದುವೆಮನೆಯವರು ಆಸೆಗೆ ಬಿದ್ದು, ಕದ್ದು ಒಲೆ ಹಚ್ಚಿ ಏನೋ ಕರಿಯಲು ಹೋದರು. ಎಣ್ಣೆ ಹೊತ್ತಿಕೊಂಡಿತು, ಉರಿ ಸೆರಗಿಗೆ ತಗಲಿತು. ಎರಡು ಕೇರಿ ಸುಟ್ಟುಹೋದವು. ಆ ಹೊತ್ತಿನಲ್ಲಿ ಸುಗುಣ ಆ ಕೇರಿಯ ಗೆಳತಿಯ ಮನೆಯಲ್ಲಿ ಆಡುತ್ತಿದ್ದಳು. ನಮಗೆ ಅವಳ ಕಾಲಿನ ಗೆಜ್ಜೆ ಮಾತ್ರ ಸಿಕ್ಕಿತು.

ಅದಾದ ಮೇಲೆ ಪಿಳ್ಳಮ್ಮ ಉರಿಕಾವಲಿಗೆ ಸೇರಿದಳು. ಹಗಲೆಲ್ಲ ಕೇರಿಕೇರಿ ತಿರುಗಿ ಎಲ್ಲಾದರೂ ಹೊಗೆಯ ವಾಸನೆ ಇದೆಯೇ ಎಂದು ನೋಡುವ ಕೆಲಸ ಅದು. ಅವಳು ಬಂದಳೆಂದರೆ ಬೀಡಿ ಸೇದುವ ಆಸೆಯಿದ್ದವರೂ ಕೈ ಹಿಂದೆ ಕಟ್ಟುತ್ತಿದ್ದರು. ಊಟಕ್ಕೆ ನಮ್ಮೊಂದಿಗೆ ಕೂರುತ್ತಿರಲಿಲ್ಲ. ತಟ್ಟೆ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ, ಔಷಧಿ ಕುಡಿದಂತೆ ಉಂಡು ಏಳುತ್ತಿದ್ದಳು. ಮಗಳ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಹಾಗೆಯೇ ಅವಳ ಕೂದಲು ಬೆಳ್ಳಗಾಯಿತು.

ಈ ವರ್ಷ ಬಿಸಿಲು ಏರುವ ಮುಂಚೆ ಒಂದು ದಿನ ಗಂಗುಲಪ್ಪ ಮಾಮ ಹಬೆಮನೆಯ ಹಿಂಬಾಗಿಲಿಗೆ ಬಂದರು. ಬಚ್ಚಲುನೀರು ಹರಿಯುವ ಕಾಲುವೆಯನ್ನು ನೋಡಿಕೊಳ್ಳುವ ಮುದುಕ ಅವರು. ಟವೆಲಿನ ಅಂಚಿನಲ್ಲಿ ಏನನ್ನೋ ಗಂಟು ಕಟ್ಟಿಕೊಂಡಿದ್ದರು.

“ಅಮ್ಮಣ್ಣೀ, ಕಾಲ್ವೆ ಬಗೀತಿದ್ನಾ, ಹಳೇ ಮಣ್ಣು ಮೇಲಕ್ಕೆ ಬಂತು. ಅದ್ರಾಗ್ ಇಂಥದ್ದೊಂದ್ ಬಳ್ಳಿ ಎದ್ದೈತೆ. ಏನಿದು ನೋಡು.”

ಗಂಟು ಬಿಚ್ಚಿದರು. ಒಳಗೆ ಗೋಲಿ ಗಾತ್ರದ ಕೆಂಪು ಹಣ್ಣುಗಳು. ನಾನು ಒಂದನ್ನು ಬಾಯಿಗೆ ಹಾಕಿಕೊಂಡು ಹಲ್ಲೂರಿದೆ. ಅದು ಬಾಯೊಳಗೆ ಸಿಡಿಯಿತು! ಮೊದಲು ಹುಳಿ, ಹಿಂದೆಯೇ ಸಿಹಿ, ಆಮೇಲೆ ಎಲೆಯ ಹಸಿವಾಸನೆ. ಬೀಜ ನಾಲಿಗೆಯ ಮೇಲೆ ಜಾರಿತು. ಅಷ್ಟು ವರ್ಷ ಕೆಂಪು ಪುಡಿ ಕಲಸಿದ ಕೈ ನನ್ನದು, ಆದರೂ ಅದು ಇದೇ ಎಂದು ನಂಬಲಾಗಲಿಲ್ಲ.

ನಂಬಿಸಿದ್ದು ನಮ್ಮ ಅಜ್ಜಿಯ ಮಾತು. ಸೆರಗು ಕಟ್ಟುವ ಮುಂಚೆ ಹುಟ್ಟಿದವಳು ಆಕೆ. ನಿಮ್ಮ ಕಾಲದ ಒಂದು ಅಡುಗೆಯನ್ನು ನಮಗೆ ಮಲಗುವ ಹೊತ್ತಿನ ಕಥೆಯಂತೆ ಹೇಳುತ್ತಿದ್ದಳು. “ಗೋಲಿ ಟೊಮೆಟೊ ಕುಯ್ಯಾಕಿಲ್ಲ ಕಣ್ರೇ, ಇಡಿಇಡಿಯಾಗೇ ಆಕ್ಬೇಕು. ಕಾದೆಣ್ಣೆ, ಜಜ್ಜಿದ್ ಬೆಳ್ಳುಳ್ಳಿ, ಕರಿಬೇವು, ಚಿಟಿಕೆ ಉಪ್ಪು. ಬಾಂಡ್ಲಿ ಅಲ್ಲಾಡುಸ್ತಾ ಇರ್ಬೇಕು. ಸಿಪ್ಪೆ ಬಿರೀತಲೂ ಇಳಿಸ್ಬುಡ್ಬೇಕು. ಮುದ್ದೆ ಪಕ್ಕ ನೆಂಚ್ಕೊಳ್ಳಾಕೆ ಅಷ್ಟು ಸಾಕು.” ಕಥೆ ಅಷ್ಟೇ. ರಾಜನೂ ಇಲ್ಲ, ರಾಕ್ಷಸನೂ ಇಲ್ಲ. ಆದರೂ ನಾನೂ ಪಿಳ್ಳಮ್ಮನೂ ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದೆವು.

ಒಂದು ಹಿಡಿ ಹಣ್ಣನ್ನು ಹಬೆಯಲ್ಲಿ ಇಟ್ಟು ನೋಡಿದೆ. ಎಲ್ಲವೂ ಕರಗಿ ಸರಿಗೂಳಿನ ನೆಂಟರಾದವು. ಗಂಗುಲಪ್ಪ ಮಾಮ ಬೆರಳಿನಲ್ಲಿ ನೆಕ್ಕಿ ತಲೆಯಾಡಿಸಿದರು. “ಇದಲ್ಲ ಬುಡು. ಎಣ್ಣೆ ಬೇಕಾದ್ರೆ ನಾ ಕೊಡ್ತೀನಿ, ಮೊಣಕಾಲ್ಗೆ ಕೊಟ್ಟಿರೋ ಹುಚ್ಚೆಳ್ಳೆಣ್ಣೆ ಐತೆ. ನೋವು ನಾಳೆನೂ ಇರ್ತದೆ.”

ಎಣ್ಣೆ ಇತ್ತು. ಕೆಮ್ಮಿಗೆಂದು ಬೆಳೆಸುವ ಬೆಳ್ಳುಳ್ಳಿ ಇತ್ತು, ಕರಿಬೇವಿನ ಗಿಡವೂ ಇತ್ತು. ಇಲ್ಲದಿದ್ದದ್ದು ಬೆಂಕಿ. ಸೆರಗಿನ ಹೊರಗೆ, ಬೋಳುಬಂಡೆಯ ಮೇಲೆ ಹಚ್ಚಿದರೆ ಯಾರಿಗೂ ಅಪಾಯವಿರಲಿಲ್ಲ. ಗುಟ್ಟಾಗಿ ಮಾಡೋಣ ಎಂದು ಮಾಮ ಅಂದರು. ನನಗೆ ಮನಸ್ಸು ಬರಲಿಲ್ಲ. ಆ ಮದುವೆಮನೆಯವರೂ ಗುಟ್ಟಾಗಿಯೇ ಮಾಡಿದ್ದರು. ಸಂಜೆ ಹಣ್ಣುಗಳನ್ನು ಬಟ್ಟಲಿಗೆ ಹಾಕಿಕೊಂಡು ತಂಗಿಯ ಮನೆಗೆ ಹೋಗಿ, ಅವಳ ಮುಂದಿಟ್ಟು, ಇದ್ದದ್ದನ್ನು ಇದ್ದಂತೆ ಕೇಳಿದೆ.

ಅವಳು ಬಟ್ಟಲನ್ನು ಮುಟ್ಟಲಿಲ್ಲ.

“ಅಕ್ಕಯ್ಯಾ, ಊರೋರು ಮರ್ತ್ರೆ ಮರ್ತ್ಕೊಳ್ಳಿ. ನಿಂಗೂ ಮರ್ತೋಯ್ತಾ?”

“ಮರ್ತಿಲ್ಲ ಕಣೇ. ಮರ್ತಿದ್ರೆ ನಿನ್ನ ಕೇಳ್ತಿದ್ನಾ?”

“ಎದ್ದೋಗು,” ಅಂದಳು.

ನಾನು ಎದ್ದುಬಂದೆ. ಬಟ್ಟಲು ಅಲ್ಲಿಯೇ ಉಳಿಯಿತು. ಮಾರನೆಯ ದಿನ ಅವಳು ಊಟಕ್ಕೂ ಬರಲಿಲ್ಲ. ಇಷ್ಟು ವರ್ಷ ಹೇಗೋ ಮುಚ್ಚಿಕೊಂಡಿದ್ದ ಗಾಯವನ್ನು ಒಂದು ತುತ್ತಿನ ಆಸೆಗಾಗಿ ಕೆದಕಿದೆನೇನೋ ಎಂದು ನನಗೆ ಕೆಲಸದಲ್ಲಿ ಕೈ ಓಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವಳು ತಾನಾಗಿಯೇ ಬಂದಳು. ಹೆಗಲ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಏನೋ ಭಾರ. ಊರಾಚೆ ಕೆಟ್ಟು ಬಿದ್ದಿರುವ ಬಿಸಿಲುಬಟ್ಟಲುಗಳಿವೆ, ಹಿಂದೆ ವಿದ್ಯುತ್ತಿಗಾಗಿ ನಿಲ್ಲಿಸಿದ್ದ ಗುಳಿ ಕನ್ನಡಿಗಳು. ಅವುಗಳಲ್ಲಿ ಒಂದರ ತುಂಡನ್ನು ಬಿಚ್ಚಿಕೊಂಡು ಬಂದಿದ್ದಳು.

“ಬೆಂಕಿ ಬ್ಯಾಡ. ಬಿಸಿಲೈತಲ್ಲ,” ಅಂದಳು. “ನಾ ನೋಡ್ದೆ. ಕಬ್ಬಿಣದ ತಟ್ಟೆ ಮುಟ್ಟಾಕಾಗ್ದಂಗೆ ಕಾಯ್ತದೆ. ಬಳ್ಳೀಲಿ ಹಣ್ಣು ಉಳ್ದವ್ಯಾ?”

ಮಾರನೆಯ ಬೆಳಿಗ್ಗೆ ನಾವು ಮೂವರೂ ಮೈತುಂಬ ಒದ್ದೆ ಬಟ್ಟೆ ಸುತ್ತಿಕೊಂಡು ಸೆರಗಿನ ಹೊರಗಿನ ಬಂಡೆಗೆ ಹೋದೆವು. ಪಿಳ್ಳಮ್ಮ ಕಲ್ಲುಗಳನ್ನು ಆನಿಸಿ ಕನ್ನಡಿ ನಿಲ್ಲಿಸಿದಳು. ಬೆಳಕು ಒಂದೇ ಕಡೆ ಬೀಳುವವರೆಗೆ ಇತ್ತ ಅತ್ತ ತಿರುಗಿಸಿದಳು. ಪಕ್ಕದಲ್ಲಿ ನೆನೆಸಿದ ಗೋಣಿಚೀಲ ಇಟ್ಟುಕೊಂಡೇ ಕೂತಳು. ನಾನು ಬಾಂಡಲಿಯಲ್ಲಿ ಎಣ್ಣೆ ಬಿಟ್ಟೆ. ಅದು ತೆಳುವಾಗಿ ಓಡಾಡತೊಡಗಿತು. ಬೆಳ್ಳುಳ್ಳಿ ಹಾಕಿದೆ, ಕರಿಬೇವು ಹಾಕಿದೆ. ಚಟಪಟ ಸದ್ದು, ಅದರ ಬೆನ್ನಿಗೇ ಒಂದು ಘಮ ಎದ್ದಿತು. ಗಂಗುಲಪ್ಪ ಮಾಮ ಕಣ್ಣು ಮುಚ್ಚಿಕೊಂಡರು. ಆಮೇಲೆ ನಾನು ತೊಳೆದ ಹಣ್ಣುಗಳನ್ನು ಸುರಿದೆ. ಒರೆಸಬೇಕೆಂದು ನನಗೆ ಹೊಳೆದಿರಲಿಲ್ಲ. ಎಣ್ಣೆ ಚುರ್ರೆಂದು ಚೀರಿ ಮೇಲಕ್ಕೆ ಸಿಡಿಯಿತು.

ಪಿಳ್ಳಮ್ಮ ಚಂಗನೆ ಎದ್ದಳು. ಗೋಣಿಚೀಲ ಎತ್ತಿ ಬಾಂಡಲಿಯ ಮೇಲೆ ಹಿಡಿದುಬಿಟ್ಟಿದ್ದಳು.

“ನೀರು ಕಣೇ ಪಿಳ್ಳಿ! ಬರೀ ನೀರು. ಉರಿ ಇಲ್ಲ, ನೋಡು.”

ಅವಳು ನೋಡಿದಳು. ಚೀಲದಿಂದ ನೀರು ಬಂಡೆಯ ಮೇಲೆ ತೊಟ್ಟಿಕ್ಕಿ ಅಲ್ಲಿಯೇ ಆರುತ್ತಿತ್ತು. ಸದ್ದು ಇಳಿಯಿತು. ಅವಳು ಚೀಲವನ್ನು ಕೆಳಗಿಟ್ಟಳು, ಆದರೆ ಕೂರಲಿಲ್ಲ. ನನ್ನ ಕೈಯಿಂದ ಬಾಂಡಲಿಯ ಹಿಡಿ ತೆಗೆದುಕೊಂಡು, ಅಜ್ಜಿ ಹೇಳಿದಂತೆ, ತಾನೇ ಅಲ್ಲಾಡಿಸತೊಡಗಿದಳು. ಹಣ್ಣುಗಳು ಉರುಳಿದವು, ಮಿರುಗಿದವು. ಒಂದರ ಸಿಪ್ಪೆ ಬಿರಿಯಿತು. ಉಪ್ಪು ಉದುರಿಸಿ ಇಳಿಸಿದಳು.

ನಾನು ಸರಿಗೂಳನ್ನು ಮುದ್ದೆ ಕಟ್ಟಿ ತಂದಿದ್ದೆ. ಬಂಡೆಯ ನೆರಳಿಗೆ ಸರಿದು ಕೂತು ತಿಂದೆವು. ಬಿಸಿ ಹಣ್ಣು ಒಳಗೆ ಒಡೆದು ನಾಲಿಗೆ ಸುಟ್ಟಿತು. ಹಸಿಹಣ್ಣಿನ ಹುಳಿ ಮೆತ್ತಗಾಗಿತ್ತು, ಸಿಹಿ ಮುಂದೆ ಬಂದಿತ್ತು, ಬೆಳ್ಳುಳ್ಳಿಯ ಅಂಚು ಕರಕರ ಅನ್ನುತ್ತಿತ್ತು. ಪಿಳ್ಳಮ್ಮ ಎರಡನೆಯ ತುತ್ತಿಗೆ ಕೈ ಹಾಕಿದವಳು ಅಲ್ಲಿಯೇ ಕೈ ತಡೆದಳು.

“ನಮ್ಮ ಸುಗುಣಂಗೆ ಇದು ಸೇರ್ತಿರ್ಲಿಲ್ಲ,” ಅಂದಳು.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ.

“ಹುಳಿ ಅಂದ್ರೆ ಆಗ್ತಿರ್ಲಿಲ್ಲ ಅವ್ಳ್ಗೆ. ಉಗುದ್ಬುಡೋಳು. ಅಜ್ಜಿ ಕಥೆ ನಾ ಹೇಳಿದ್ರೆ, ‘ಅಮ್ಮಾ, ನಂಗೆ ಆ ಹಣ್ಣು ಬ್ಯಾಡ, ಬೆಲ್ಲದ್ ಕಥೆ ಹೇಳು’ ಅನ್ನೋಳು.” ಅನ್ನುತ್ತ ಅನ್ನುತ್ತ ಅವಳಿಗೆ ನಗು ಬಂತು. ನಗುತ್ತಲೇ ಅತ್ತಳು. ಬಾಯಲ್ಲಿ ತುತ್ತಿತ್ತು, ಅದನ್ನು ಅಗಿಯುವುದನ್ನೂ ಬಿಡಲಿಲ್ಲ. ಸುಗುಣ ಹೇಗೆ ಮೂಗು ಸೊಟ್ಟ ಮಾಡುತ್ತಿದ್ದಳು, ತಟ್ಟೆಯಲ್ಲಿನ ಹುಣಸೆನಾರನ್ನು ಹೇಗೆ ಅಪ್ಪನ ತಟ್ಟೆಗೆ ದಾಟಿಸುತ್ತಿದ್ದಳು, ಒಂದಾದ ಮೇಲೊಂದು ಹೇಳುತ್ತ ಹೋದಳು. ಬಿಸಿಲು ಏರಿ ನೆರಳು ಕಾಲಬುಡಕ್ಕೆ ಬಂದರೂ ಅವಳು ನಿಲ್ಲಿಸಲಿಲ್ಲ. ಕೊನೆಗೆ ಮಾಮನೇ ಅವಳನ್ನು ಎಬ್ಬಿಸಿ ಸೆರಗಿನೊಳಗೆ ಕರೆತಂದರು.

ಊರ ಸಭೆಗೆ ಈ ವಿಷಯ ತಂದವಳು ಅವಳೇ. ಬಹಳ ಗಲಾಟೆಯಾಯಿತು. ಆ ಉರಿಯಲ್ಲಿ ಮನೆಯವರನ್ನು ಕಳೆದುಕೊಂಡ ಒಬ್ಬಾಕೆ, “ಎಣ್ಣೆ ವಾಸ್ನೆ ಬಂದ್ರೆ ನಂಗೆ ಎದೆ ಒಡೀತದೆ” ಎಂದು ಎದ್ದುಹೋದಳು. ಅವಳು ಈಗಲೂ ಆ ಕಡೆ ಸುಳಿಯುವುದಿಲ್ಲ. ಪಿಳ್ಳಮ್ಮ ಅವಳನ್ನು ಒತ್ತಾಯಿಸುವುದಿಲ್ಲ. ಸೆರಗಿನ ಕೆಳಗೆ ಬೆಂಕಿ ಇಂದಿಗೂ ಇಲ್ಲ, ಇರಲೂಬಾರದು. ಆದರೆ ಬಂಡೆಯ ಮೇಲೆ ಈಗ ಕನ್ನಡಿಯ ಬಿಸಿಲೊಲೆಗಳಿವೆ. ಬೆಳಗಿನ ಹೊತ್ತು ಸರದಿಯ ಮೇಲೆ ಒಂದೊಂದು ಮನೆಯವರು ಹೋಗಿ ತಮ್ಮ ಕೈಯಾರೆ ಏನಾದರೂ ಬಾಡಿಸಿಕೊಳ್ಳುತ್ತಾರೆ. ಕಾಲುವೆಯುದ್ದಕ್ಕೂ ಗಂಗುಲಪ್ಪ ಮಾಮನ ಬಳ್ಳಿಗಳು ಹಬ್ಬಿವೆ. ಮಕ್ಕಳಿಗೆ ಟೊಮೆಟೊ ಈಗ ಬಣ್ಣವಲ್ಲ. ಅದನ್ನು ಹಿಸುಕಿ ಒಬ್ಬರ ಮೇಲೊಬ್ಬರು ಚಿಮ್ಮಿಸಿ ಬೈಸಿಕೊಳ್ಳುತ್ತಾರೆ. ಪಿಳ್ಳಮ್ಮ ನನ್ನ ಪಕ್ಕ ಕೂತು ಉಣ್ಣುತ್ತಾಳೆ. ಕೆಲವು ದಿನ ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ. ಆಗ ನಾನು ನನ್ನ ಪಾಡಿಗೆ ಉಣ್ಣುತ್ತೇನೆ.

ನಿಮ್ಮನ್ನು ಬೈಯಲು ಇದನ್ನು ಬರೆಯಲಿಲ್ಲ. ನಿಮ್ಮ ಕಾಲದಲ್ಲಿ ಈ ಹಣ್ಣು ಬುಟ್ಟಿಬುಟ್ಟಿಯಾಗಿ ಸಿಗುತ್ತಿತ್ತೆಂದೂ, ಕೊಳ್ಳುವವರಿಲ್ಲದೆ ಚೆಲ್ಲುತ್ತಿದ್ದುದೂ ಉಂಟೆಂದೂ ಅಜ್ಜಿ ಹೇಳಿದ್ದಳು. ನನ್ನದು ಒಂದೇ ಕೋರಿಕೆ. ಒಂದು ದಿನ ಒಂದು ಹಿಡಿ ಗೋಲಿಹಣ್ಣು ತನ್ನಿ. ತೊಳೆದು, ಒರೆಸಿ, ಇಡಿಯಾಗಿಯೇ ಕಾದ ಎಣ್ಣೆಗೆ ಹಾಕಿ. ಸಾಸಿವೆ ನಮಗೆ ಸಿಗಲಿಲ್ಲ, ನಿಮ್ಮಲ್ಲಿದ್ದರೆ ಹಾಕಿ. ಸಿಪ್ಪೆ ಬಿರಿಯುವಾಗ ಬೇರೆ ಕೆಲಸಕ್ಕೆ ತಿರುಗಬೇಡಿ. ಮನೆಯಲ್ಲಿ ಬಹಳ ದಿನದಿಂದ ಮಾತಾಡದವರು ಯಾರಾದರೂ ಇದ್ದರೆ ಅವರ ತಟ್ಟೆಗೆ ಮೊದಲು ಬಡಿಸಿ, ಏನನ್ನೂ ಕೇಳಬೇಡಿ.

ಇನ್ನೂ ಬರೆಯುವುದಿತ್ತು. ಆದರೆ ಇವತ್ತು ನಮ್ಮ ಮನೆಯ ಸರದಿ. ಬಂಡೆಯ ಕಡೆಯಿಂದ ಪಿಳ್ಳಮ್ಮ ಕೂಗುತ್ತಿದ್ದಾಳೆ: “ಅಕ್ಕಯ್ಯಾ, ಎಣ್ಣೆ ಕಾದೈತೆ, ಬೇಗ್ ಬಾ!”