ಸಾಲೆಪುರುಗು ಯಾರು?

ಹಾಸ್ಟೆಲ್, ಕೋಲಾರ
ಭಾನುವಾರ, 19 ಜನವರಿ 2025

ಮರಳಿನ ರಾಣಿ ರಜನಿ ಅಕ್ಕಾ,

ಮೆಸೇಜ್ ಮಾಡಿದ್ರೆ ನಗೋ ಇಮೋಜಿ ಹಾಕಿ ಮುಗಿಸಿಬಿಡ್ತೀಯ. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೀನಿ. ಫಸ್ಟ್ ಇಯರ್ ಇಂಟರ್ನಲ್ಸ್ ಹತ್ತಿರ ಬಂತು, ಅಷ್ಟೇ.

ಸಂಕ್ರಾಂತಿಗೆ ಊರಿಗೆ, ಗೌನಿಪಲ್ಲಿಗೆ ಹೋಗಿದ್ದೆ. ಅಜ್ಜಿ ಬಾಯಲ್ಲಿ ಬರೀ ನೀನೇ. ರಜನಿ ಜೈಸಲ್ಮೇರಲ್ಲಿ ಜೇಡಗಳ ರಿಸರ್ಚ್ ಮಾಡ್ತಾಳೆ ಅಂತ ಡೈರಿಗೆ ಹಾಲು ಹಾಕೋಕೆ ಬಂದವರಿಗೆಲ್ಲ ನಿನ್ನ ಫೋಟೋ ತೋರಿಸಿದ್ದಾಳೆ. ಆ ಜೇಡ ಮರಳಲ್ಲಿ ಬಿಲ ತೋಡಿ, ಒಳಗೆಲ್ಲ ನೂಲಿನ ಗಿಲಾವು ಮಾಡಿ, ಬಿಲದ ಬಾಯಿಂದ ಸುತ್ತಲೂ ಎಳೆ ಹಾಸುತ್ತಂತೆ. ಎಳೆ ಅಲ್ಲಾಡಿದರೆ ಯಾರೋ ಬಂದ್ರು ಅಂತ ಒಳಗೆ ಕೂತೇ ತಿಳಿಯುತ್ತಂತೆ. ಇರಲಿ. ನಿನ್ನ ಇನ್‌ಸ್ಟಾ ಪೇಜಿಗೆ ‘ಸಾಲೆಪುರುಗು’ ಅಂತ ಹೆಸರಿಡಲಾ ಅಂತ ಕೇಳಿದೆಯಂತೆ, ಅಜ್ಜಿ ‘ಪೆಟ್ಟುಕೋವೇ’, ಇಟ್ಕೊಳ್ಳೇ ಅಂದಳಂತೆ.

ಅಕ್ಕಾ, ಅದು ನನ್ನ ಹೆಸರು!

ಐದನೇ ಕ್ಲಾಸಿಗೆ ನನ್ನನ್ನು ಹಾಸ್ಟೆಲ್‌ಗೆ ಸೇರಿಸಿದಾಗಿನಿಂದ ಅಜ್ಜಿ ಹಾಗೆ ಕರೆಯೋದು ನನ್ನನ್ನ. ಸಾಲೆ ಅಂದ್ರೆ ಶಾಲೆ, ಪುರುಗು ಅಂದ್ರೆ ಹುಳ, ಅಂದ್ರೆ ಬುಕ್‌ವರ್ಮ್ ಅಂತ ನಾನು ಬೀಗ್ತಿದ್ದೆ. ರೂಮ್‌ಮೇಟ್ಸ್‌ಗೆಲ್ಲ ಹೇಳಿದ್ದೆ. ಅಜ್ಜಿಗೆ ಇದನ್ನ ಹೇಳಿದ್ರೆ ರಾಗಿ ಮೊರ ಕೆಳಗಿಟ್ಟು ನಕ್ಕಳು. ಪಿಚ್ಚಿ ಪಿಲ್ಲಾ, ಹುಚ್ಚು ಹುಡುಗೀ, ತೆಲುಗಲ್ಲಿ ಸಾಲೆಪುರುಗು ಅಂದ್ರೆ ಜೇಡ ಕಣೇ, ನೀನ್ಯಾವಾಗ ಅಷ್ಟೊಂದು ಓದಿದ್ದೆ ಅಂದಳು.

ಸರಿ, ಜೇಡವೇ ಆಗಲಿ. ಆದರೂ ನಂದು. ನಿನಗೆ ಮನೆ ಸಿಕ್ತು, ಅಜ್ಜಿ ಪಕ್ಕದ ಚಾಪೆ ಸಿಕ್ತು, ತೋಟದ ಮೊದಲ ಮಾವಿನಹಣ್ಣು ಸಿಕ್ತು. ನನಗೆ ಹಾಸ್ಟೆಲ್ ಚಿತ್ರಾನ್ನ. ಈಗ ಮರುಭೂಮೀನೂ ನಿನಗೇ. ಒಂದು ಅಡ್ಡಹೆಸರನ್ನಾದರೂ ಬಿಡಬಾರದಾ? ನಿನ್ನ ಪೇಜಿಗೆ ‘ಜೇಡ’ ಅಂತಲೇ ಇಡು, ಕನ್ನಡದಲ್ಲಿ ಚೆನ್ನಾಗೇ ಇದೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ನ್ಯಾಯ ಕೇಳ್ತಿದ್ದೀನಿ.

ಇಂತಿ,
ನಿನಗಿಂತ ಮುಂಚೆಯೇ ಸಾಲೆಪುರುಗಾದ,
ಶ್ವೇತ

ವಿ.ಸೂ.: ನನಗ್ಯಾಕೆ ಆ ಹೆಸರು ಅಂತ ಬಸ್ ಹತ್ತೋ ಮುಂಚೆ ಅಜ್ಜೀನ ಕೇಳಿದೆ. ಮೊದಲ ಸಲ ಹಾಸ್ಟೆಲ್‌ಗೆ ಹೊರಟ ದಿನ ನಾನು ರೇಷ್ಮೆ ಗೂಡಿನಿಂದ ಎಳೆ ಬಿಡಿಸಿ, ಒಂದು ತುದಿ ಕೈಗೆ ಕಟ್ಟಿಕೊಂಡು, ಮೂಲೆ ಬಿಟ್ಟು ಏಳಲೇ ಇಲ್ಲವಂತೆ. ಇನ್ನೊಂದು ತುದಿ ಅಜ್ಜಿ ಸೆರಗಿಗೆ ಕಟ್ಟಿರಬೇಕು ಅಂದುಕೊಂಡೆ. ಅಲ್ಲವಂತೆ ಅಕ್ಕಾ, ನಿನ್ನ ಜಡೆಗೆ. ಹೆಸರು ಇಟ್ಕೋ. ಕೆಳಗೆ ನನ್ನ ಹೆಸರೂ ಬರಿ.